ನ್ಯಾನೋ ಕಣ, ಬಿಸಿ ಚಿಕಿತ್ಸೆ ಮತ್ತು ಅಮ್ಮನ ರೇಡಿಯೇಶನ್: ಕಾಯಬೇಕಾ, ಬೇಡವಾ?

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ. ಹಾಸನ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ. ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಹೋಗತೊಡಗಿತು. ಪರೀಕ್ಷೆ ಮಾಡಿಸಿದಾಗ ಗರ್ಭಕಂಠದ ಕ್ಯಾನ್ಸರ್, 3ಬಿ ಹಂತ ಎಂದರು. ಆಪರೇಷನ್ ಬರುವುದಿಲ್ಲವಂತೆ. 25 ದಿನ ಹೊರಗಿನ ರೇಡಿಯೇಶನ್, ವಾರಕ್ಕೊಂದು ಕೀಮೋ, ಆಮೇಲೆ ಒಳಗಿಂದ ಕೊಡುವ ರೇಡಿಯೇಶನ್ ಎಂದು ಹೇಳಿದ್ದಾರೆ. ಇನ್ನು ಹತ್ತು ದಿನಕ್ಕೆ ಶುರು. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ಒಂದು ವಿಡಿಯೋ ಕಳಿಸಿದರು. ನ್ಯಾನೋ ಕಣಗಳನ್ನು ರಕ್ತಕ್ಕೆ ಬಿಟ್ಟರೆ ಅವೇ ಗಡ್ಡೆಯನ್ನು ಹುಡುಕಿಕೊಂಡು ಹೋಗುತ್ತವೆ, ಹೊರಗಿಂದ ಮ್ಯಾಗ್ನೆಟ್ ಹಿಡಿದರೆ ಬಿಸಿಯಾಗಿ ಕ್ಯಾನ್ಸರನ್ನು ಮಾತ್ರ ಸುಡುತ್ತವೆ, ಸೈಡ್ ಎಫೆಕ್ಟ್ ಇಲ್ಲ ಎಂದು ಅದರಲ್ಲಿದೆ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. 6 ಲಕ್ಷ ಆಗುತ್ತದೆ, ಎರಡು ತಿಂಗಳು ಕಾಯಬೇಕು, ಅಲ್ಲಿಯವರೆಗೆ ರೇಡಿಯೇಶನ್ ತಗೋಬೇಡಿ ಎಂದರು. ಅಮ್ಮನಿಗೂ ‘ಕರೆಂಟ್ ಇಡೋದು’ ಅಂದರೆ ಭಯ. ಕರೆಂಟ್ ಇಟ್ಟ ಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಬಾರದು ಅಂತ ಯಾರೋ ಬೇರೆ ಹೇಳಿದ್ದಾರೆ. ನನ್ನ ಮಗಳಿಗೆ ಒಂದೂವರೆ ವರ್ಷ. ನಾವು ಕಾಯಬೇಕಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಾಯಬೇಡಿ. ಕೊಟ್ಟಿರುವ ತಾರೀಖಿಗೇ ರೇಡಿಯೇಶನ್ ಶುರುವಾಗಲಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಅಮ್ಮನಿಗೆ ಕಷ್ಟ ಕಡಿಮೆ ಇರುವ ದಾರಿ ಇದ್ದೂ ನಾವು ಕೈಬಿಟ್ಟೆವೇನೋ ಎಂಬುದು ಒಂದು. ದುಡ್ಡು ಕೇಳುತ್ತಿರುವವರು ಹೇಳುವುದು ನಿಜವಾ ಎಂಬುದು ಇನ್ನೊಂದು. ‘ಎಲ್ಲಾ ಸುಳ್ಳು’ ಅಂದುಬಿಟ್ಟರೆ ನನಗೆ ಸುಲಭ. ಆದರೆ ಹಾಗಿಲ್ಲ. ಆ ವಿಡಿಯೋದ ಹಿಂದೆ ನಿಜವಾದ ವಿಜ್ಞಾನ ಇದೆ. ಅದು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಬಣ್ಣ ಎಂದು ಗೊತ್ತಾದರೆ ಚಿಕ್ಕಪ್ಪನಿಗೂ ನೀವೇ ಹೇಳಬಹುದು. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅತ್ತಿಗೆಯ ಮೇಲಿನ ಕಾಳಜಿಯಿಂದಲೇ ಕಳಿಸಿದ್ದಾರೆ.

ಬಿಸಿಯ ಕಥೆ ಹಳೆಯದು. 1866ರಲ್ಲಿ ಜರ್ಮನಿಯ ಬುಷ್ ಎಂಬ ವೈದ್ಯರು, ಮುಖದಲ್ಲಿ ಗಡ್ಡೆ ಇದ್ದ ಹೆಂಗಸೊಬ್ಬರಿಗೆ ಚರ್ಮದ ಸೋಂಕಾಗಿ ಜೋರು ಜ್ವರ ಬಂದ ಮೇಲೆ ಗಡ್ಡೆ ಕರಗಿದ್ದನ್ನು ಬರೆದಿಟ್ಟರು. 1890ರ ದಶಕದಲ್ಲಿ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ, ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿ ನೋಡಿದರು. ಕೆಲವರ ಗಡ್ಡೆ ಕರಗಿತು. ಕೆಲವರು ಆ ಸೋಂಕಿಗೇ ಬಲಿಯಾದರು. ಅಲ್ಲಿ ಕೆಲಸ ಮಾಡಿದ್ದು ಬರೀ ಬಿಸಿ ಅಲ್ಲ, ಎಚ್ಚೆತ್ತ ರೋಗನಿರೋಧಕ ಶಕ್ತಿಯ ಪಾಲೂ ದೊಡ್ಡದು ಎಂದು ಈಗ ತಿಳಿದಿದೆ. ಆದರೂ ಬಿಸಿಗೂ ಗಡ್ಡೆಗೂ ಏನೋ ಸಂಬಂಧ ಇದೆ ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

‘ಕ್ಯಾನ್ಸರ್ ಕೋಶ 42 ಡಿಗ್ರಿಗೆ ಸಾಯುತ್ತದೆ, ಒಳ್ಳೆ ಕೋಶ ಬದುಕುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಅಷ್ಟು ಸರಳ ಇಲ್ಲ. ವ್ಯತ್ಯಾಸ ಇರುವುದು ಕೋಶಕ್ಕಿಂತ ಜಾಸ್ತಿ ಅದು ಕೂತಿರುವ ಜಾಗದಲ್ಲಿ. ಗಡ್ಡೆ ಬೇಗ ಬೇಗ ಬೆಳೆಯುತ್ತದೆ, ರಕ್ತನಾಳ ಆ ವೇಗಕ್ಕೆ ಬೆಳೆಯುವುದಿಲ್ಲ. ಪ್ಲಾನ್ ಇಲ್ಲದೆ ಎದ್ದ ಬಡಾವಣೆಯ ಹಾಗೆ: ಮನೆ ಜಾಸ್ತಿ, ಪೈಪು ಕಡಿಮೆ, ಇರುವ ಪೈಪೂ ಸೊಟ್ಟ. ಹಾಗಾಗಿ ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಹುಳಿ ಅಂಶ ಜಾಸ್ತಿ. ಆರೋಗ್ಯವಾಗಿರುವ ಮಾಂಸಖಂಡ ಬಿಸಿಯಾದರೆ ಅಲ್ಲಿಗೆ ರಕ್ತ ಜೋರಾಗಿ ಹರಿದು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಗಡ್ಡೆಗೆ ಆ ಅನುಕೂಲ ಇಲ್ಲ. ಬಿಸಿ ಅಲ್ಲೇ ನಿಲ್ಲುತ್ತದೆ.

ನಮ್ಮಂಥ ರೇಡಿಯೇಶನ್ ವೈದ್ಯರಿಗೆ ಇದು ಮುಖ್ಯ ಅನಿಸುವುದು ಈ ಕಾರಣಕ್ಕೆ: ಆಮ್ಲಜನಕ ಇಲ್ಲದ ಕೋಶ ರೇಡಿಯೇಶನ್‌ಗೆ ಸುಲಭವಾಗಿ ಸಾಯುವುದಿಲ್ಲ. ಅದೇ ಕೋಶ ಬಿಸಿಗೆ ಸೋಲುತ್ತದೆ. ಜೊತೆಗೆ, ರೇಡಿಯೇಶನ್ ಮುರಿದ ಡಿಎನ್ಎಯನ್ನು ಕೋಶ ರಿಪೇರಿ ಮಾಡಿಕೊಳ್ಳದಂತೆ ಬಿಸಿ ತಡೆಯುತ್ತದೆ. ಅಂದರೆ ಬಿಸಿ ಇರುವುದು ರೇಡಿಯೇಶನ್‌ಗೆ ಕೈಜೋಡಿಸಲು. ಅದರ ಜಾಗಕ್ಕೆ ಬಂದು ಕೂರಲು ಅಲ್ಲ. ನಿಮಗೆ ಫೋನಿನಲ್ಲಿ ಮಾತಾಡಿದವರು ತಿರುವಿ ಹಾಕಿರುವುದು ಇದನ್ನೇ.

ನಿಮ್ಮ ತಾಯಿಗೆ ಬಂದಿರುವ ಕಾಯಿಲೆಯಲ್ಲೇ ಬಿಸಿಗೆ ಒಂದು ಒಳ್ಳೆಯ ಸಾಕ್ಷಿ ಇದೆ. ನೆದರ್ಲೆಂಡ್ಸ್‌ನ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಗರ್ಭಕಂಠದ ಕ್ಯಾನ್ಸರ್ ಇದ್ದ 114 ಹೆಂಗಸರಿದ್ದರು. ಬರೀ ರೇಡಿಯೇಶನ್ ಪಡೆದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು 100ಕ್ಕೆ 27. ರೇಡಿಯೇಶನ್ ಜೊತೆ ವಾರಕ್ಕೊಮ್ಮೆ ಬಿಸಿ ಪಡೆದವರಲ್ಲಿ 51. ದೊಡ್ಡ ವ್ಯತ್ಯಾಸ ಅಲ್ವಾ? ಹಾಗಿದ್ದರೂ ಎಲ್ಲ ಊರಿನಲ್ಲೂ ಯಾಕೆ ಕೊಡುವುದಿಲ್ಲ ಎಂದು ನೀವು ಕೇಳಬಹುದು. ಆ ಅಧ್ಯಯನದಲ್ಲಿ ಕೀಮೋ ಇರಲಿಲ್ಲ. 1999ರಿಂದ ಈಚೆಗೆ ರೇಡಿಯೇಶನ್ ಜೊತೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುವುದು ರೂಢಿಯಾಯಿತು. ಅದರಿಂದ ಫಲಿತಾಂಶವೂ ಸುಧಾರಿಸಿತು. ಈ ಎರಡೂ ಕೊಟ್ಟ ಮೇಲೆ ಬಿಸಿಯನ್ನೂ ಸೇರಿಸಿದರೆ ಇನ್ನೆಷ್ಟು ಲಾಭ ಎಂದು ಜಪಾನಿನಲ್ಲಿ 101 ಹೆಂಗಸರ ಮೇಲೆ ನೋಡಿದರು. 2016ರಲ್ಲಿ ಬಂದ ಆ ಫಲಿತಾಂಶ ಬಿಸಿಯ ಕಡೆಗೇ ಸ್ವಲ್ಪ ವಾಲಿತ್ತು. ಆದರೆ ಆಯುಸ್ಸು ಹೆಚ್ಚಿತು ಎಂದು ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಅಲ್ಲದೆ ಈ ಎರಡೂ ಅಧ್ಯಯನದಲ್ಲಿ ನ್ಯಾನೋ ಕಣ ಇರಲೇ ಇಲ್ಲ. ಬಿಸಿ ಕೊಟ್ಟಿದ್ದು ಹೊರಗಿನ ಯಂತ್ರದಿಂದ.

ಆ ಯಂತ್ರದ ಚಿಕಿತ್ಸೆ ಹೇಗಿರುತ್ತದೆ ಎಂದು ಹೇಳಿದರೆ ‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತಿನ ಬೆಲೆ ತಿಳಿಯುತ್ತದೆ. ರೋಗಿ ಮಲಗಿರುತ್ತಾರೆ. ಸೊಂಟದ ಸುತ್ತ ನೀರು ತುಂಬಿದ ಚೀಲ. ಅದು ಚರ್ಮ ಸುಡದಂತೆ ತಣ್ಣಗಿಡುವುದಕ್ಕೆ. ಅದರ ಆಚೆ ರೇಡಿಯೋ ತರಂಗ ಬಿಡುವ ಆಂಟೆನಾಗಳು. ಉಷ್ಣತೆ ಅಳೆಯುವ ತೆಳು ವೈರುಗಳನ್ನು ಯೋನಿ, ಮೂತ್ರಕೋಶ, ಗುದದ್ವಾರದೊಳಗೆ ಇಟ್ಟಿರುತ್ತಾರೆ. ಒಂದರಿಂದ ಒಂದೂವರೆ ಗಂಟೆ ಹಾಗೇ ಇರಬೇಕು. ಗುರಿ 41ರಿಂದ 43 ಡಿಗ್ರಿ. ಮೈ ಬೆವರುತ್ತದೆ, ನಾಡಿ ಜೋರಾಗುತ್ತದೆ. ನಡುವೆ ‘ಇಲ್ಲಿ ಚುರುಗುಟ್ಟುತ್ತಿದೆ’ ಎಂದು ರೋಗಿ ಹೇಳಿದರೆ ತಕ್ಷಣ ಆ ಕಡೆಯ ಶಕ್ತಿ ಇಳಿಸಬೇಕು. ಹೇಳದೆ ಸಹಿಸಿಕೊಂಡರೆ ಬೊಬ್ಬೆ ಏಳುತ್ತದೆ, ಚರ್ಮದ ಕೆಳಗಿನ ಕೊಬ್ಬು ಗಟ್ಟಿಯಾಗಿ ವಾರಗಟ್ಟಲೆ ನೋಯುತ್ತದೆ. ನಮ್ಮ ಕಡೆ ಹೆಂಗಸರು ಸಹಿಸಿಕೊಳ್ಳುವುದೇ ಜಾಸ್ತಿ. ಪೇಸ್‌ಮೇಕರ್ ಇದ್ದವರಿಗೆ, ಸೊಂಟದ ಹತ್ತಿರ ಲೋಹದ ರಾಡು ಇದ್ದವರಿಗೆ ಇದನ್ನು ಕೊಡುವುದಿಲ್ಲ. ದಿನಾ ಕೊಡುವುದಕ್ಕೂ ಆಗುವುದಿಲ್ಲ. ಒಂದು ಸಲ ಬಿಸಿ ತಿಂದ ಕೋಶ ತನ್ನ ರಕ್ಷಣೆಗೆ ಪ್ರೋಟೀನ್ ತಯಾರಿಸಿಕೊಂಡು ಎರಡು ಮೂರು ದಿನ ಬಿಸಿಗೆ ಜಗ್ಗುವುದಿಲ್ಲ.

ಹಬೆ, ಬಿಸಿನೀರು, ಶಾಖದಿಂದ ಮನೆಯಲ್ಲೇ ಇದನ್ನು ಮಾಡಬಹುದು ಎನ್ನುವವರೂ ಇದ್ದಾರೆ. ಆಗುವುದಿಲ್ಲ. ಚರ್ಮ ಬೆಂದರೂ ಗರ್ಭಕಂಠ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದರಲ್ಲೂ ರೇಡಿಯೇಶನ್ ನಡೆಯುವಾಗ ಹೊಟ್ಟೆ, ಸೊಂಟದ ಚರ್ಮ ಸೂಕ್ಷ್ಮವಾಗಿರುತ್ತದೆ. ಹೊಟ್ಟೆನೋವು ಅಂತ ಬಿಸಿನೀರಿನ ಚೀಲ ಇಟ್ಟುಕೊಳ್ಳದಂತೆ ಅಮ್ಮನಿಗೆ ದಯವಿಟ್ಟು ಹೇಳಿ.

ಇನ್ನು ನ್ಯಾನೋ ಕಣ. ಹೊರಗಿಂದ ಬಿಸಿ ಕೊಟ್ಟರೆ ಮೊದಲು ಚರ್ಮ, ಕೊಬ್ಬು ಬಿಸಿಯಾಗುತ್ತವೆ. ಒಲೆಯನ್ನೇ ಗಡ್ಡೆಯೊಳಗೆ ಇಟ್ಟುಬಿಟ್ಟರೆ? ಈ ಯೋಚನೆ 1957ರಷ್ಟು ಹಳೆಯದು. ಅಮೆರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಬಳಸಿ ದುಗ್ಧಗ್ರಂಥಿಗಳನ್ನು ಬಿಸಿ ಮಾಡಿ ನೋಡಿದರು. ಈಗಿನ ಕಣಗಳು ಇನ್ನೂ ಸಣ್ಣವು. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣಗಳನ್ನು ಸಾಲಾಗಿ ಇಡಬಹುದು.

ಒಮ್ಮೆ ಪ್ರಯೋಗಾಲಯದಲ್ಲಿ ಇಂಥ ಕಣಗಳ ದ್ರವವನ್ನು ಸಣ್ಣ ಸೀಸೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣ. ಕೆಳಗೆ ಒಂದು ಮ್ಯಾಗ್ನೆಟ್ ತಂದರೆ ಆ ದ್ರವವೆಲ್ಲ ಹಲಸಿನಕಾಯಿ ಮೈಯಂತೆ ಮುಳ್ಳುಮುಳ್ಳಾಗಿ ಎದ್ದು ನಿಲ್ಲುತ್ತದೆ. ಮ್ಯಾಗ್ನೆಟ್ ತೆಗೆದರೆ ಸುಮ್ನೆ ನೀರಿನ ಹಾಗೆ ಮಲಗುತ್ತದೆ. ನೋಡಿದವರು ಮರೆಯುವುದಿಲ್ಲ. ಆದರೆ ಅದು ಬಿಸಿಯಾಗಿರಲಿಲ್ಲ. ಸುಮ್ಮನೆ ಹಿಡಿದ ಮ್ಯಾಗ್ನೆಟ್ ಕಣವನ್ನು ಎಳೆಯುತ್ತದೆ ಅಷ್ಟೆ. ಬಿಸಿಯಾಗಬೇಕಾದರೆ ಕಾಂತಕ್ಷೇತ್ರ ಸೆಕೆಂಡಿಗೆ ಲಕ್ಷ ಸಲ ದಿಕ್ಕು ಬದಲಿಸಬೇಕು. ಅದರ ಜೊತೆ ತಿರುಗಲು ಹೋಗಿ ಕಣ ಕಾವೇರುತ್ತದೆ. ಮನೆಯ ಇಂಡಕ್ಷನ್ ಒಲೆ ಗೊತ್ತಲ್ಲ, ಅದರ ದೂರದ ನೆಂಟ ಎನ್ನಬಹುದು. ಅದಕ್ಕೆ ಆಳೆತ್ತರದ ಯಂತ್ರ ಬೇಕು.

ಮನುಷ್ಯರಲ್ಲಿ ಇದು ಅತಿ ಮುಂದೆ ಹೋಗಿದ್ದು ಬರ್ಲಿನ್‌ನಲ್ಲಿ. ಮೆದುಳಿನ ಗ್ಲಯೋಬ್ಲಾಸ್ಟೋಮಾ ಎಂಬ ಕೆಟ್ಟ ಗಡ್ಡೆ ಮರುಕಳಿಸಿದ 59 ಜನರ ಫಲಿತಾಂಶ 2011ರಲ್ಲಿ ಬಂತು. ಅದಕ್ಕೂ ಮೊದಲೇ, 2010ರಲ್ಲಿ, ಯುರೋಪಿನಲ್ಲಿ ಬಳಸಲು ಅನುಮತಿ ಸಿಕ್ಕಿತ್ತು. ಕಾಯಿಲೆ ಮರುಕಳಿಸಿದ ಮೇಲೆ ಈ ರೋಗಿಗಳಲ್ಲಿ ಅರ್ಧದಷ್ಟು ಜನ 13.4 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಬದುಕಿದರು. ಆ ಕಾಯಿಲೆಗೆ ಇದು ಕಡಿಮೆ ಏನಲ್ಲ. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಕಣಗಳನ್ನು ಕೊಟ್ಟಿದ್ದು ರಕ್ತಕ್ಕಲ್ಲ, ತಲೆಬುರುಡೆಗೆ ತೂತು ಮಾಡಿ ಸೂಜಿಯಿಂದ ನೇರ ಗಡ್ಡೆಗೆ. ಜೊತೆಗೆ ರೇಡಿಯೇಶನ್ ಕೂಡ ಇತ್ತು. ಹಲ್ಲಿಗೆ ತುಂಬಿಸಿದ ಲೋಹ ಬಿಸಿಯಾಗುತ್ತದೆ ಎಂದು ಮೊದಲೇ ತೆಗೆಸಬೇಕಿತ್ತು. ಕಬ್ಬಿಣ ಅಲ್ಲೇ ಉಳಿಯುವುದರಿಂದ ಆಮೇಲೆ ಆ ಜಾಗದ ಎಂಆರ್‌ಐ ಚಿತ್ರ ಸರಿಯಾಗಿ ಬರುವುದಿಲ್ಲ. ಇದೆಲ್ಲ ಆ ವಿಡಿಯೋದಲ್ಲಿ ಇತ್ತಾ?

ಚಿನ್ನದ ಕಣಗಳೂ ಇವೆ. ಮರಳಿನ ಅಂಶವಾದ ಸಿಲಿಕಾದ ಸಣ್ಣ ಗೋಲಿಗೆ ಚಿನ್ನದ ತೆಳು ಹೊದಿಕೆ. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಬಿದ್ದರೆ ಬಿಸಿಯಾಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಮತ್ತು ಜೆನಿಫರ್ ವೆಸ್ಟ್ ಇದನ್ನು ಬೆಳೆಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಗಂಡಸರ ಮೇಲಿನ ಮೊದಲ ಫಲಿತಾಂಶ 2019ರಲ್ಲಿ ಬಂತು. ಆಸೆ ಹುಟ್ಟಿಸುವಂಥದ್ದೇ. ಆದರೆ ಆ ಬೆಳಕು ಮೈಯೊಳಗೆ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಸೊರಗುತ್ತದೆ. ಹಾಗಾಗಿ ಲೇಸರ್ ಎಳೆಯನ್ನೇ ಪ್ರಾಸ್ಟೇಟ್ ಒಳಗೆ ತೂರಿಸಬೇಕಾಯಿತು. ಸಣ್ಣ, ಒಂದೇ ಕಡೆ ಇರುವ ಗಡ್ಡೆಗೆ ಸರಿ. ಸೊಂಟದ ಗೋಡೆಯವರೆಗೆ ಹಬ್ಬಿರುವ 3ಬಿ ಹಂತದ ಕಾಯಿಲೆಗೆ ಆಗದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಬ್ಬಿನ ಗುಳ್ಳೆಗಳು, ಲೈಪೋಸೋಮ್ ಅನ್ನುತ್ತೇವೆ. ಚಳಿಗಾಲದ ಬೆಳಗ್ಗೆ ತುಪ್ಪ ಹರಳುಗಟ್ಟಿ ಕೂತಿರುತ್ತದಲ್ಲ, ಒಲೆ ಪಕ್ಕ ಇಟ್ಟರೆ ಕರಗುತ್ತದೆ. ಹಾಗೆಯೇ 37 ಡಿಗ್ರಿಯಲ್ಲಿ ಗಟ್ಟಿಯಾಗಿದ್ದು 40 ದಾಟಿದರೆ ಸಡಿಲವಾಗುವ ಕೊಬ್ಬನ್ನು ಆರಿಸಿ ಗುಳ್ಳೆ ಮಾಡುತ್ತಾರೆ. ಒಳಗೆ ಕೀಮೋ ಔಷಧಿ ತುಂಬುತ್ತಾರೆ. ರಕ್ತಕ್ಕೆ ಬಿಟ್ಟು, ಗಡ್ಡೆಯ ಜಾಗವನ್ನು ಮಾತ್ರ ಬೆಚ್ಚಗೆ ಮಾಡಿದರೆ ಔಷಧಿ ಅಲ್ಲೇ ಸುರಿಯುತ್ತದೆ. ‘ಸ್ಪಂದಿಸುವ ಕಣ’ ಅಂದರೆ ಇದೇ. ಬಿಸಿಗೆ, ಬೆಳಕಿಗೆ, ಗಡ್ಡೆಯ ಹುಳಿಗೆ ಉತ್ತರ ಕೊಡುವ ಕಣ. ಆಕ್ಸ್‌ಫರ್ಡ್‌ನಲ್ಲಿ ಲಿವರ್ ಗಡ್ಡೆಯ 10 ರೋಗಿಗಳಿಗೆ ಹೊರಗಿಂದ ಅಲ್ಟ್ರಾಸೌಂಡ್‌ನಲ್ಲಿ ಬೆಚ್ಚಗೆ ಮಾಡಿ ನೋಡಿದಾಗ ಗಡ್ಡೆಯಲ್ಲಿ ಔಷಧಿ ಸರಾಸರಿ 3.7 ಪಟ್ಟು ಹೆಚ್ಚಿತ್ತು. ಅದು 2018ರ ಸುದ್ದಿ. ಉಪಾಯ ಕೆಲಸ ಮಾಡುತ್ತದೆ ಎಂದಾಯಿತು. ಆದರೆ ರೋಗಿ ಹೆಚ್ಚು ದಿನ ಬದುಕುತ್ತಾರಾ? ಅದೇ ಥರ್ಮೋಡಾಕ್ಸ್ ಎಂಬ ಔಷಧಿಯನ್ನು, ಲಿವರ್ ಗಡ್ಡೆಯನ್ನು ಸೂಜಿಯಿಂದ ಸುಡುವ ಚಿಕಿತ್ಸೆಯ ಜೊತೆ 701 ಜನರ ಮೇಲೆ ಪರೀಕ್ಷಿಸಿದರು. 2013ರಲ್ಲಿ ಬಂದ ಉತ್ತರ: ಹೇಳಿಕೊಳ್ಳುವಂಥ ಲಾಭ ಇಲ್ಲ. ಇನ್ನೂ ಹೆಚ್ಚು ಹೊತ್ತು ಬಿಸಿ ಕೊಟ್ಟರೆ ಆಗಬಹುದು ಎಂದು 556 ಜನರ ಮೇಲೆ ಮತ್ತೆ ನೋಡಿದರು. 2020ರಲ್ಲಿ ಅದೂ ಕೈಕೊಟ್ಟಿತು. ನಮಗೆಲ್ಲ ಬಹಳ ನಿರಾಸೆಯಾದ ಸುದ್ದಿ ಅದು.

ಕಣಗಳು ‘ತಾವೇ ಗಡ್ಡೆ ಹುಡುಕಿಕೊಂಡು ಹೋಗುತ್ತವೆ’ ಎಂಬ ಮಾತಿಗೆ ಒಂದೇ ಅಂಕಿ ಸಾಕು. ಹತ್ತು ವರ್ಷದಲ್ಲಿ ಪ್ರಕಟವಾದ ಪ್ರಾಣಿ ಪ್ರಯೋಗಗಳನ್ನೆಲ್ಲ ಕೂಡಿಸಿ 2016ರಲ್ಲಿ ಲೆಕ್ಕ ಹಾಕಿದರು. ರಕ್ತಕ್ಕೆ ಬಿಟ್ಟ ನ್ಯಾನೋ ಕಣದಲ್ಲಿ ಗಡ್ಡೆ ತಲುಪಿದ್ದು ಸಾಮಾನ್ಯವಾಗಿ 100ಕ್ಕೆ 0.7 ಪಾಲು. ಉಳಿದದ್ದರಲ್ಲಿ ಬಹುಪಾಲನ್ನು ಲಿವರ್ ಮತ್ತು ಗುಲ್ಮ (ಸ್ಪ್ಲೀನ್) ಸೋಸಿ ಇಟ್ಟುಕೊಳ್ಳುತ್ತವೆ. ಅಷ್ಟು ಕಡಿಮೆ ಕಣದಿಂದ ಗಡ್ಡೆ ಬಿಸಿಯಾಗುವುದು ಕಷ್ಟ. ಅದಕ್ಕೇ ಬರ್ಲಿನ್‌ನವರು ಸೂಜಿ ಹಿಡಿದಿದ್ದು.

ನಿಮ್ಮನ್ನು 6 ಲಕ್ಷ ಕೇಳಿದವರ ವಿಷಯಕ್ಕೆ ಬರುತ್ತೇನೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾಂತದ ನ್ಯಾನೋ ಕಣದ ಬಿಸಿ ಚಿಕಿತ್ಸೆ ಯಾವ ದೇಶದಲ್ಲೂ ರೂಢಿಯ ಚಿಕಿತ್ಸೆ ಅಲ್ಲ. ಹಾಗಾಗಿ ಅವರು ಕೊಡುವುದು ಪ್ರಯೋಗ ಆಗಿರಬೇಕು, ಇಲ್ಲವೇ ಮೋಸ. ಪ್ರಯೋಗವಾದರೆ ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ನೋಂದಣಿ ಆಗಿರಬೇಕು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಎಂದು 2019ರ ನಿಯಮಗಳು ಹೇಳುತ್ತವೆ. ಒಂದು ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಕೊಡದೆ ಮೊದಲು ಅಡ್ವಾನ್ಸ್ ಕಳಿಸಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಪ್ರಯೋಗದ ಔಷಧಿಗೆ ರೋಗಿಯಿಂದಲೇ ಲಕ್ಷ ಕೇಳುವುದೇ ಅನುಮಾನದ ಮಾತು. ‘ರೇಡಿಯೇಶನ್ ತಗೋಬೇಡಿ’ ಎಂದಿದ್ದು ಅದಕ್ಕಿಂತ ದೊಡ್ಡ ಅಪಾಯದ ಮಾತು. ಇದು ಗುಣವಾಗುವ ಅವಕಾಶ ಇರುವ ಕಾಯಿಲೆ. ಹೀಗಿರುವಾಗ ಯಾವ ಪ್ರಾಮಾಣಿಕ ಸಂಶೋಧಕರೂ ಹಾಗೆ ಹೇಳುವುದಿಲ್ಲ.

ತಡದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಕಾಯಿಲೆಯಲ್ಲಿ ಹೊರಗಿನದು, ಒಳಗಿನದು ಎರಡೂ ರೇಡಿಯೇಶನ್ ಸೇರಿ ಶುರುವಾದ ದಿನದಿಂದ 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಉಳಿದ ಕೋಶ ಮತ್ತೆ ಬೆಳೆಯುತ್ತದೆ. ಶುರುವಾಗುವ ಮೊದಲೇ ಎರಡು ತಿಂಗಳು ಕಳೆದರೆ ಏನಾಗಬಹುದು ಎಂದು ನನ್ನ ಹೊರರೋಗಿ ಕೋಣೆಯಲ್ಲೇ ನೋಡಿದ್ದೇನೆ. ನಿಮ್ಮ ತಾಯಿಯ ವಯಸ್ಸಿನವರೇ ಒಬ್ಬರು, ಇದೇ ಹಂತ. ಕಷಾಯ ಮತ್ತು ಶಾಖದ ಚಿಕಿತ್ಸೆಗೆಂದು ಹೋಗಿ ಹತ್ತು ವಾರದ ನಂತರ ಬಂದರು. ಗಡ್ಡೆ ಎರಡೂ ಮೂತ್ರನಾಳಗಳನ್ನು ಒತ್ತಿ ಕಿಡ್ನಿ ಬಾತಿತ್ತು, ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿತ್ತು. ಸಿಸ್‌ಪ್ಲಾಟಿನ್ ಕೊಡುವ ಹಾಗಿರಲಿಲ್ಲ. ಮೊದಲು ಕಿಡ್ನಿಗೆ ನಳಿಗೆ ಹಾಕಿಸಿ, ಬರೀ ನೋವು ಮತ್ತು ರಕ್ತಸ್ರಾವ ಕಡಿಮೆ ಮಾಡುವಷ್ಟು ರೇಡಿಯೇಶನ್ ಕೊಟ್ಟೆವು. ಅವರ ಮಗ ಕೈಯಲ್ಲಿ ಹಳೇ ಚೀಟಿ ಹಿಡಿದು, ‘ಅವತ್ತೇ ಶುರು ಮಾಡಿದ್ದರೆ ಸಾರ್?’ ಎಂದು ಕೇಳಿದ. ಏನು ಹೇಳಲಿ, ತಿಳಿಯಲಿಲ್ಲ. ಅವನ ಹೆಗಲ ಮೇಲೆ ಕೈ ಇಟ್ಟೆ.

ಈಗ ನಿಮ್ಮ ಮುಂದಿರುವ ದಾರಿ. ಮೊದಲನೆಯದು, ನಿಮ್ಮ ವೈದ್ಯರು ಹೇಳಿದ್ದನ್ನೇ ಪೂರ್ತಿ ಮಾಡುವುದು. ಇದಕ್ಕೂ ಕಷ್ಟಗಳಿವೆ, ಮುಚ್ಚಿಡುವುದಿಲ್ಲ. ಎರಡನೇ ವಾರದಿಂದ ಭೇದಿ, ಉರಿಮೂತ್ರ, ಸುಸ್ತು ಬರಬಹುದು. ಕೀಮೋ ದಿನ ವಾಂತಿ ಆಗಬಹುದು, ಕಿಡ್ನಿ ಪರೀಕ್ಷೆ ವಾರವಾರ ಬೇಕು. ಮುಗಿದ ಮೇಲೆ ಯೋನಿ ಕಿರಿದಾಗಬಹುದು. ಕೆಲವರಿಗೆ ವರ್ಷ ಕಳೆದ ಮೇಲೆ ಮಲ ಅಥವಾ ಮೂತ್ರದಲ್ಲಿ ರಕ್ತ ಕಾಣಬಹುದು. ಒಳಗಿನ ರೇಡಿಯೇಶನ್‌ಗೆ ಹೆದರಿ ಅದೊಂದನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬೇಡಿ, ಗುಣವಾಗುವುದರಲ್ಲಿ ಅದರ ಪಾಲು ಬಹಳ ದೊಡ್ಡದು.

ಎರಡನೆಯದು, ಯಂತ್ರದಿಂದ ಬಿಸಿ ಸೇರಿಸುವುದು. ಭಾರತದಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಈ ಸೌಲಭ್ಯ, ಅನುಭವ ಎರಡೂ ಇವೆ. ನಿಮ್ಮ ವೈದ್ಯರನ್ನು ಕೇಳಿ. ಅದಕ್ಕಾಗಿ ಊರು ಬದಲಿಸಿ, ಹೊಸ ಆಸ್ಪತ್ರೆಯ ಸರದಿಗೆ ಕಾದು, ತಾರೀಖು ಮುಂದೆ ಹೋಗುವುದಾದರೆ ಬೇಡ. ಬರುವ ಲಾಭಕ್ಕಿಂತ ತಡದಿಂದಾಗುವ ನಷ್ಟವೇ ಹೆಚ್ಚು. ‘ಹಾಟ್ ಕೀಮೋ’ ಎಂದು ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಮಾಡುವುದು ಬೇರೆಯೇ ವಿಷಯ. ಆಪರೇಷನ್ ಹೊತ್ತಿನಲ್ಲಿ ಹೊಟ್ಟೆಯೊಳಗೆ ಬಿಸಿ ಔಷಧಿ ಹರಿಸುವುದು ಅದು. ಅಂಡಾಶಯದ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಉಪಯೋಗ ಕಂಡಿದೆ, ನಿಮ್ಮ ತಾಯಿಗೆ ಸಂಬಂಧವಿಲ್ಲ.

ಆ ದುಡ್ಡು ಸಾಲ ಮಾಡಿ ತರುವುದಾಗಿದ್ದರೆ ತರಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಈ ವಾರವೇ ಕೇಳಿ. ಹತ್ತು ದಿನ ಇದೆಯಲ್ಲ, ಅಷ್ಟರಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಹಿಮೋಗ್ಲೋಬಿನ್ ನೋಡಿಸುವುದು. ಇಷ್ಟು ದಿನ ರಕ್ತ ಹೋಗಿದೆ, ಕಡಿಮೆ ಇರಬಹುದು. ಮೇಲೆ ಹೇಳಿದೆನಲ್ಲ, ಆಮ್ಲಜನಕ ಸಿಗದ ಕೋಶ ರೇಡಿಯೇಶನ್‌ಗೆ ಬಗ್ಗುವುದಿಲ್ಲ. 10ಕ್ಕಿಂತ ಕೆಳಗಿದ್ದರೆ ರಕ್ತ ಕೊಡಬೇಕಾ ಎಂದು ವೈದ್ಯರನ್ನು ಕೇಳಿ.

ಅಮ್ಮನ ಭಯಕ್ಕೆ ಒಂದು ಮಾತು. ಹೆಸರು ‘ಕರೆಂಟ್’ ಅಷ್ಟೆ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಸುವಾಗ ಮಲಗಿದ ಹಾಗೆ ಕೆಲವು ನಿಮಿಷ ಮಲಗಬೇಕು. ಏನೂ ಗೊತ್ತಾಗುವುದಿಲ್ಲ, ಯಂತ್ರದ ಸದ್ದು ಮಾತ್ರ ಕೇಳುತ್ತದೆ. ಮೊದಲ ದಿನ ನೀವೂ ಜೊತೆಗೆ ಹೋಗಿ ಆ ಕೋಣೆ, ಆ ಮಂಚ ತೋರಿಸಲು ಕೇಳಿ. ಬಹಳ ಕಡೆ ತೋರಿಸುತ್ತಾರೆ. ಯಂತ್ರ ನಿಂತ ಕ್ಷಣಕ್ಕೆ ಕಿರಣವೂ ನಿಂತಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ಈಗ ಸಾಮಾನ್ಯವಾಗಿ ಕೊಡುವ ಒಳಗಿನ ರೇಡಿಯೇಶನ್‌ನಲ್ಲೂ ಆ ಸಣ್ಣ ಮೂಲ ಕೆಲವು ನಿಮಿಷ ಒಳಗಿದ್ದು ವಾಪಸ್ ಯಂತ್ರಕ್ಕೆ ಹೋಗುತ್ತದೆ. ಅದು ಹೋದ ಮೇಲೆಯೇ ಅಮ್ಮ ಹೊರಗೆ ಬರುತ್ತಾರೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡು, ಸುಸ್ತಿಲ್ಲದಿದ್ದರೆ, ಮೊಮ್ಮಗಳನ್ನು ಎತ್ತಿಕೊಳ್ಳಲಿ. ಪಕ್ಕದಲ್ಲೇ ಮಲಗಿಸಿಕೊಳ್ಳಲಿ.